ಸ್ವಂತ ಹಾಡಿಗೂ ಅರ್ಧ ಗಂಟೆ ಕೊಡಿ

ಗಣೇಶೋತ್ಸವ ಬಂದರೆ ಆನವಟ್ಟಿ, ಶಿರಾಳಕೊಪ್ಪ, ಸೊರಬದ ಕಡೆ ರಸಮಂಜರಿಗೆ ಬರವಿಲ್ಲ. ಹಾಡುವವರಲ್ಲಿ ಒಳ್ಳೆಯ ಕಂಠದ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಆದರೆ ಅವರಿಂದ ನಾವು ಕೇಳುವುದು ಸಿನಿಮಾ ಹಾಡನ್ನು ಮಾತ್ರ. ತಾನೇ ಬರೆದು ರಾಗ ಹಾಕಿದ ಹಾಡೊಂದಿದೆ ಎಂದು ಯಾರಾದರೂ ಮುಂದೆ ಬಂದರೆ, ‘ಮುಂದಿನ ವರ್ಷ ನೋಡೋಣ ತಗಳಪ್ಪ’ ಎಂಬ ಉತ್ತರ ಸಿಗುತ್ತದೆ. ಇದು ಬದಲಾಗಬೇಕು.

ಸ್ವತಂತ್ರ ಗಾಯಕರೊಬ್ಬರು ರೂಪುಗೊಳ್ಳಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ರಘು ದೀಕ್ಷಿತ್ ಅವರ ಆರಂಭದ ವರ್ಷಗಳೇ ಸಾಕ್ಷಿ. ಹುಟ್ಟಿದ್ದು 1974ರಲ್ಲಿ ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಾಣುಜೀವಶಾಸ್ತ್ರ, ಅದರಲ್ಲಿ ಚಿನ್ನದ ಪದಕ. ಜೊತೆಗೆ ಭರತನಾಟ್ಯ. ಗಿಟಾರನ್ನು ತಾವೇ ಕಲಿತರು. ಬೆಲ್ಜಿಯಂನ ಉದ್ಯೋಗ ಬಿಟ್ಟು ಸಂಗೀತಕ್ಕೆ ಬಂದರು. ‘ಅಂತರಾಗ್ನಿ’ ತಂಡ ಚದುರಿದ ಮೇಲೆ ಹೊಸ ತಂಡ ಕಟ್ಟಿದರು. ಮ್ಯೂಸಿಕ್ ಕಂಪನಿಗಳು ವರ್ಷಗಟ್ಟಲೆ ಬೇಡವೆಂದ ಹಾಡುಗಳನ್ನು ಕೊನೆಗೆ ಹೊರತಂದವರು ಹಿಂದಿ ಚಿತ್ರರಂಗದ ವಿಶಾಲ್–ಶೇಖರ್. ಮೊದಲ ಆಲ್ಬಂ ಬಂದ 2008ರ ಆರಂಭದಲ್ಲಿ ರಘು ಅವರಿಗೆ 33 ವರ್ಷ. ಎರಡೇ ವರ್ಷದಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಹಾಡಿದರು.

ಆ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಪಕ್ಕದಲ್ಲೇ ಶಿಶುನಾಳ ಶರೀಫರ ತತ್ವಪದಗಳಿದ್ದವು. ಪದ ಶರೀಫರದು, ಗಿಟಾರು, ವಯಲಿನ್, ಡ್ರಮ್ಸ್ ಇವರದು. ವೇದಿಕೆಯಲ್ಲಿ ಲುಂಗಿ, ಕಾಲಿಗೆ ಭರತನಾಟ್ಯದ ಗೆಜ್ಜೆ. ತನ್ನಲ್ಲಿದ್ದ ಯಾವುದನ್ನೂ ಮುಚ್ಚಿಡದೆ ಹಾಡಿದ್ದಕ್ಕೇ ಪರದೇಶದವರೂ ಕಿವಿಗೊಟ್ಟರು.

ನಮ್ಮ ಸೀಮೆಯಲ್ಲಿ ಅಂಥ ಆಸ್ತಿಗೆ ಕೊರತೆಯೇ? ಅಕ್ಕಮಹಾದೇವಿ ಹುಟ್ಟಿದ ಉಡುತಡಿ ಶಿಕಾರಿಪುರ ತಾಲ್ಲೂಕಿನದು. ಅಲ್ಲಮನ ಬಳ್ಳಿಗಾವಿಯೂ ಅದೇ ತಾಲ್ಲೂಕು. ಹರಿಹರನ ರಗಳೆಯಲ್ಲಿ ಅಲ್ಲಮ ಮದ್ದಳೆ ನುಡಿಸುವ ಯುವಕ. ತಮ್ಮ ಮಾತನ್ನು ತಾವೇ ಕಟ್ಟಿ ಜನರ ಮುಂದಿಟ್ಟವರು ಇವರು. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಅಂಟಿಗೆ-ಪಂಟಿಗೆ ಇಂದಿಗೂ ಮಲೆನಾಡಿನಲ್ಲಿ ಉಳಿದಿದೆ. ಕುಬಟೂರಿನಲ್ಲಿ ಸುಮಾರು 900 ವರ್ಷ ಹಳೆಯ ಕೈಟಭೇಶ್ವರ ದೇವಸ್ಥಾನವಿದೆ. ತಿರುಗಣೆಯಲ್ಲಿ ಕಡೆದ ನುಣುಪು ಕಂಬಗಳ ಅದರ ವಿಶಾಲ ಮಂಟಪದಲ್ಲಿ ನಿಂತವರಿಗೆ, ಈ ಊರು ಕಲೆಗೆ ಎಷ್ಟು ದೊಡ್ಡ ಜಾಗ ಬಿಟ್ಟಿತ್ತು ಎಂಬುದು ತಿಳಿಯುತ್ತದೆ.

ಇಂದು ಹಾಡನ್ನು ಮೊಬೈಲಿನಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಬಹುದು. ಆದರೆ ಎದುರಿಗೆ ಕೂತ ಜನ ಯಾವ ಸಾಲಿಗೆ ತಲೆದೂಗಿದರು, ಎಲ್ಲಿ ಎದ್ದು ಹೋದರು ಎಂಬ ಪಾಠವನ್ನು ಮೊಬೈಲು ಕಲಿಸುವುದಿಲ್ಲ. ಅದನ್ನು ವೇದಿಕೆಯೇ ಕಲಿಸಬೇಕು.

ಹಾಡು ಬರೆಯುವ ಮಕ್ಕಳಿಗೆ ಒಂದು ಕಿವಿಮಾತು. ಯಾರೋ ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. 2012ರ ತಿದ್ದುಪಡಿಯ ನಂತರ ಹಕ್ಕುಸ್ವಾಮ್ಯ ಕಾಯ್ದೆ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದ ಸಮಪಾಲು ಕೊಟ್ಟಿದೆ. ಅದನ್ನು ತಿಳಿದುಕೊಂಡೇ ಮುಂದೆ ಹೆಜ್ಜೆ ಇಡಿ.

ಉತ್ಸವ ಸಮಿತಿಯವರಲ್ಲಿ, ಕಾಲೇಜುಗಳ ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಇಷ್ಟೇ. ರಸಮಂಜರಿ ಇರಲಿ, ಸಿನಿಮಾ ಹಾಡೂ ಇರಲಿ. ಅದಕ್ಕೂ ಮುಂಚೆ, ಜನ ತುಂಬಿರುವ ಹೊತ್ತಿನಲ್ಲೇ, ಊರಿನ ಹುಡುಗ ಹುಡುಗಿಯರ ಸ್ವಂತ ಹಾಡಿಗೆ ಅರ್ಧ ಗಂಟೆ ಮೀಸಲಿಡಿ. ಈ ವರ್ಷದಿಂದಲೇ ಶುರು ಮಾಡಿ.