ಹಳ್ಳಿಗಿಲ್ಲದ ಮೇಲ್ಮನವಿ

ಇಂಗ್ಲೆಂಡಿನ ಡಾರ್ಸೆಟ್ ಕೌಂಟಿಯ ಮಿಲ್ಟನ್ ಅಬ್ಬಾಸ್ ಹಳ್ಳಿಯ ಸಾಲುಮನೆಗಳನ್ನು ಪ್ರವಾಸಿಗರು ಕೊಂಡಾಡುತ್ತಾರೆ. ಅವುಗಳ ಹುಟ್ಟು ಅಷ್ಟು ಚೆಲುವಾದುದಲ್ಲ. 18ನೆಯ ಶತಮಾನದ ಕೊನೆಯಲ್ಲಿ ಲಾರ್ಡ್ ಮಿಲ್ಟನ್ ತನ್ನ ಸೌಧದ ಬಳಿಯಿದ್ದ ಹಳೆಯ ಪೇಟೆ ನೋಟಕ್ಕೆ ಅಡ್ಡಿಯೆಂದು ಅದನ್ನು ಕೆಡವಿಸಿ, ಜನರಿಗಾಗಿ ದೂರದ ಕಣಿವೆಯಲ್ಲಿ ಈ ಹಳ್ಳಿಯನ್ನು ಕಟ್ಟಿಸಿದನು.

1947ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆ ಇಂಥ ಸ್ವೇಚ್ಛೆಗೆ ತಡೆಯೊಡ್ಡಿತು. ನೆಲ ಒಡೆಯನದೇ, ಅದರಲ್ಲಿ ಕಟ್ಟಲು ಮಾತ್ರ ಸ್ಥಳೀಯ ಆಡಳಿತದ ಅನುಮತಿ ಬೇಕು. ಆದರೆ ಆ ಅನುಮತಿಪತ್ರವೇ ಇಂದು ಗೋಧಿಯ ಹೊಲದ ಬೆಲೆಯನ್ನು ಹಲವು ಪಟ್ಟು ಏರಿಸುವ ಮಂತ್ರ. ಹಳ್ಳಿಯ ಪ್ಯಾರಿಷ್ ಕೌನ್ಸಿಲ್ ಅಭಿಪ್ರಾಯ ಹೇಳಬಹುದಷ್ಟೆ. ತೀರ್ಮಾನ ಮೇಲಿನ ಕೌನ್ಸಿಲಿನದು. ಅನುಮತಿ ದೊರೆಯದಿದ್ದರೆ ಅರ್ಜಿದಾರನು ಮೇಲ್ಮನವಿ ಸಲ್ಲಿಸಬಹುದು. ದೊರೆತರೆ ನೆರೆಯವರಿಗೆ ಆ ಹಕ್ಕಿಲ್ಲ. ಪಕ್ಕದ ಐರ್ಲೆಂಡಿನಲ್ಲಿ ಉಂಟು.

ವಿರೋಧಿಸುವ ಹಳ್ಳಿಗರೆಲ್ಲ ಸ್ವಾರ್ಥಿಗಳೆಂದು ಜರೆಯುವುದು ವಾಡಿಕೆ. ತಮ್ಮ ಕಿಟಕಿಯ ನೋಟವನ್ನೇ ಪರಂಪರೆಯೆಂದು ಕರೆಯುವವರು ಅವರಲ್ಲಿ ಇದ್ದಾರೆ, ನಿಜ. (ಲಾರ್ಡ್ ಮಿಲ್ಟನ್ನನ ವಾರಸುದಾರರೆನ್ನೋಣ!) ಆದರೆ ಅಗ್ಗದ ಮನೆಗಳ ವಾಗ್ದಾನವಿತ್ತು ಅನುಮತಿ ಪಡೆದು, ಬಳಿಕ ಲಾಭ ಸಾಲದೆಂದು ಲೆಕ್ಕ ತೋರಿಸಿ ಅವುಗಳ ಸಂಖ್ಯೆ ಇಳಿಸಿಕೊಳ್ಳುವ ಕಂಪನಿಗಳೂ ಇವೆ. ಊರಿನ ಕೂಲಿಕಾರನ ಮಗಳಿಗೆ ಊರಲ್ಲೇ ಮನೆ ದಕ್ಕದಿದ್ದರೆ ಆ ಹೊಲವನ್ನು ಕಳೆದುಕೊಂಡು ಹಳ್ಳಿ ಪಡೆದದ್ದೇನು?

2011ರ ಸ್ಥಳೀಯತಾ ಕಾಯಿದೆಯ ಪ್ರಕಾರ ಹಳ್ಳಿ ತನ್ನದೇ ನೆರೆಹೊರೆ ಯೋಜನೆಯನ್ನು ರಚಿಸಿ ಜನಮತದಿಂದ ಅಂಗೀಕರಿಸಬಹುದು. ಹಾಗೆ ಅಂಗೀಕೃತವಾದ ಯೋಜನೆಗೆ ವಿರುದ್ಧವಾಗಿ ಅನುಮತಿ ನೀಡಿದಾಗಲಾದರೂ ಪ್ಯಾರಿಷ್ ಕೌನ್ಸಿಲಿಗೆ ಮೇಲ್ಮನವಿಯ ಹಕ್ಕಿರಬೇಕು.