ಮನಸ್ಸಿನ ಪಾಠ ನಮಗೇಕೆ ಬೇಡ?

ಮೂರು ವರ್ಷಗಳ ಹಿಂದಿನ ಮಾತು. ಕೂಸನ್ನು ಕಳೆದುಕೊಂಡ ನನ್ನ ಚಿಗವ್ವ ಮಾತು ಬಿಟ್ಟಳು. ಕ್ರಮೇಣ ಊಟವನ್ನೂ ಬಿಟ್ಟಳು. ಓಣಿಯವರು “ಗಾಳಿ ಸೋಕೈತಿ” ಎಂದು ತಾಯತ ಕಟ್ಟಿಸಿದರು. ಕಾಕಾ “ತಲಿ ಕೆಟ್ಟೈತಿ, ಧಾರವಾಡಕ್ಕ ಕರಕೊಂಡು ಹೋಗೂಣು” ಎಂದರು. ನಮ್ಮ ಆಯಿ ಮಾತ್ರ “ಮನಸ್ಸಿಗೆ ಹಚ್ಚಿಕೊಂಡಾಳ, ಅಷ್ಟ” ಎಂದಳು. ಈ ವಾದದಲ್ಲಿಯೇ ಆರು ತಿಂಗಳು ಕಳೆದವು.

ಅದು ಆಗ ನನಗೆ ಬರಿಯ ಮನೆಯ ಜಗಳವಾಗಿ ತೋರಿತ್ತು. ಗ್ರಂಥಾಲಯದಲ್ಲಿ ಕೈಗೆ ಸಿಕ್ಕ ಪುಸ್ತಕಗಳನ್ನು ಓದಿದ ಮೇಲೆ ತಿಳಿಯಿತು, ಅದು ಮೂರು ದರ್ಶನಗಳ ವಾದವೆಂದು. ದೇಹದ ಹೊರಗಿನ ಚೇತನವೊಂದು ಒಳಹೊಕ್ಕೀತೆಂಬುದು ಒಂದು. ಎಲ್ಲವೂ ಮೆದುಳಿನ ಕೆಲಸವೆಂಬುದು ಇನ್ನೊಂದು. ದುಃಖದ ಕಾರಣವನ್ನು ಬಾಳಿನಲ್ಲಿಯೇ ಹುಡುಕಬೇಕೆಂಬುದು ಮತ್ತೊಂದು. ನಂಬಿದಂತೆ ಔಷಧ! ಹಾಗಿರುವಾಗ “ಮನಸ್ಸೆಂದರೇನು?” ಎಂಬ ಪ್ರಶ್ನೆ ನಿರುಪಯೋಗಿಯೆಂದು ಹೇಳುವುದು ಹೇಗೆ?

ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಈ ಪ್ರಶ್ನೆಗಾಗಿಯೇ ಒಂದು ಪ್ರವೇಶ ಪಾಠವಿರುತ್ತದೆ. ದೇಹ ಬೇರೆ, ಮನಸ್ಸು ಬೇರೆ ಎಂದು ರೆನೆ ಡೆಕಾರ್ಟನು 1641ರಲ್ಲಿ ವಾದಿಸಿದನು. ಸ್ಥಳವನ್ನೇ ವ್ಯಾಪಿಸದ ಮನಸ್ಸು ದೇಹವನ್ನು ಅಲುಗಿಸುವುದು ಹೇಗೆಂದು 1643ರಲ್ಲಿ ಅವನಿಗೆ ಪತ್ರ ಬರೆದು ಕೇಳಿದವಳು ಬೊಹೀಮಿಯದ ರಾಜಕುಮಾರಿ ಎಲಿಜಬೆತ್. ಆಗ ಅವಳ ವಯಸ್ಸು 24. ಅಂಥ ಪ್ರಶ್ನೆ ಕೇಳುವ ಸಹೋದರಿಯರು ನಮ್ಮ ತರಗತಿಯಲ್ಲಿಲ್ಲವೆ? ಮನಸ್ಸು ಒಳಗೆ ಅಡಗಿದ ಎರಡನೆಯ ವಸ್ತುವೇ ಅಲ್ಲವೆಂದು ಗಿಲ್ಬರ್ಟ್ ರೈಲ್ 1949ರಲ್ಲಿ ಬರೆದರು. ನಾನು ಮಗ್ಗದ ಮನೆಯವನು, ನನಗೆ ತಿಳಿದಂತೆ ಹೇಳುತ್ತೇನೆ: ಮಗ್ಗ, ಲಾಳಿ, ನೂಲು ಎಲ್ಲವನ್ನೂ ನೋಡಿದವನು “ನೇಯ್ಗೆ ಎಲ್ಲಿದೆ?” ಎಂದು ಕೇಳಿದಂತೆ ಅದು. ಯಂತ್ರ ಯೋಚಿಸಬಲ್ಲದೆ ಎಂದು ಅಲನ್ ಟ್ಯೂರಿಂಗ್ 1950ರಲ್ಲಿ ಕೇಳಿದರು. ಚಿಹ್ನೆಗಳನ್ನು ಹೊಂದಿಸಿಟ್ಟ ಮಾತ್ರಕ್ಕೆ ಅರ್ಥವಾದಂತಲ್ಲವೆಂದು ಜಾನ್ ಸರ್ಲ್ 1980ರಲ್ಲಿ ವಾದಿಸಿದರು. ಕೈಯಲ್ಲಿನ ಫೋನೇ ಕನ್ನಡದಲ್ಲಿ ಉತ್ತರ ಕೊಡುತ್ತಿರುವ ಇಂದು ಈ ವಾದ ನಮಗೆ ದೂರದ್ದಲ್ಲ.

ಇದು ಪರದೇಶದ ಸರಕೆಂದು ಮೂಗು ಮುರಿಯುವವರಿಗೆ ಒಂದು ಮಾತು. ಸುಮಾರು 500 ವರ್ಷಗಳ ಹಿಂದೆಯೇ ನಿಜಗುಣ ಶಿವಯೋಗಿಗಳು ‘ವಿವೇಕ ಚಿಂತಾಮಣಿ’ಯಲ್ಲಿ ಶಾಸ್ತ್ರವಿಷಯಗಳನ್ನು ಕನ್ನಡ ಗದ್ಯದಲ್ಲಿ ಅಳವಡಿಸಿದರು. ಹುಬ್ಬಳ್ಳಿಯ ಸಿದ್ಧಾರೂಢರ ಪರಂಪರೆಯಲ್ಲಿ ನಿಜಗುಣರ ಶಾಸ್ತ್ರಗಳ ಪ್ರವಚನ ನಡೆದುಬಂದಿದೆ. ಅಕ್ಷರ ಬಾರದ ನಮ್ಮ ಆಯಿಗೆ ಮನಸ್ಸು, ಬುದ್ಧಿ, ಚಿತ್ತ, ಅಹಂಕಾರಗಳ ಭೇದ ಗೊತ್ತು. ಅದನ್ನು ಅವಳು ಮಠದ ಕಟ್ಟೆಯ ಮೇಲೆ ಕುಳಿತು ಕಲಿತಳು. ಸಾಂಖ್ಯರು ಮನಸ್ಸನ್ನೂ ಪ್ರಕೃತಿಯ ಪಾಲಿಗೇ ಸೇರಿಸಿ, ಅರಿಯುವ ಪುರುಷನನ್ನು ಬೇರೆ ಇರಿಸಿದರು. ಡೆಕಾರ್ಟನು ಗೆರೆ ಎಳೆದ ಜಾಗ ಬೇರೆ, ಇವರು ಎಳೆದ ಜಾಗ ಬೇರೆ. ಚಾರ್ವಾಕರೋ, ಹುಳಿಬಂದ ಪದಾರ್ಥಗಳಲ್ಲಿ ಮದ ಹುಟ್ಟುವಂತೆ ಭೂತಗಳಲ್ಲಿ ಚೈತನ್ಯ ಹುಟ್ಟುತ್ತದೆಂದರು. ಇವರೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿ ಪರೀಕ್ಷಿಸಬೇಡವೆ? ಮಠದಲ್ಲಿ ನಾವು ಭಕ್ತಿಯಿಂದ ಕೇಳುತ್ತೇವೆ. ಕಾಲೇಜಿನಲ್ಲಿ ಎದುರು ಪ್ರಶ್ನೆ ಹಾಕಬಹುದು. ಎರಡೂ ಬೇಕು.

“ಇದರಿಂದ ನೌಕರಿ ಸಿಕ್ಕೀತೆ?” ಎಂದು ಗೆಳೆಯರು ಕೇಳುತ್ತಾರೆ. ನಗುವ ಮಾತಲ್ಲ ಅದು. ನನ್ನನ್ನು ಓದಿಸಲು ಅಪ್ಪ ಎಷ್ಟು ಸೀರೆ ನೇಯ್ದಿದ್ದಾನೆಂಬುದು ನನಗೆ ಗೊತ್ತು. ಆದರೆ ಮನೆತನದಲ್ಲಿ ಮೊದಲ ಪದವೀಧರನಾಗುವವನ ಮೇಲೆ ನೌಕರಿಯ ಭಾರವೊಂದೇ ಅಲ್ಲ, ಇನ್ನೊಂದೂ ಬೀಳುತ್ತದೆ. ಕಷ್ಟ ಬಂದಾಗ ಮನೆಯವರೆಲ್ಲ ಅವನ ಮುಖ ನೋಡುತ್ತಾರೆ: “ನೀ ಓದಿದಾಂವ, ನೀ ಹೇಳಪಾ.” ಆ ದಿನ ನನ್ನಲ್ಲಿ ಹೇಳಲು ಏನೂ ಇರಲಿಲ್ಲ.

ಹೊಸ ವಿಭಾಗ ತೆರೆಯಬೇಕೆಂದು ನಾನು ಕೇಳುತ್ತಿಲ್ಲ. ಶನಿವಾರಕ್ಕೆ ಒಂದು ತಾಸು ಸಾಕು. ರೋಣ, ನರಗುಂದ, ಗಜೇಂದ್ರಗಡಗಳ ಹಳ್ಳಿಗಳಿಂದ ಬರುವ ನಮಗೆ, ನಮ್ಮ ಮಾತಿನಲ್ಲಿ, ಪರೀಕ್ಷೆಯ ಅಂಜಿಕೆಯಿಲ್ಲದ ಒಂದು ಪಾಠ. ವಚನ ಕಲಿಸುವ ಗುರುಗಳು ಅರಿವಿನ ಮಾತನ್ನು ಹೇಳಲಿ. ಸಮಾಜಶಾಸ್ತ್ರದವರು ಗಾಳಿ-ತಾಯತಗಳ ಮಾತನ್ನು ಹೇಳಲಿ. ವರ್ಷಕ್ಕೊಮ್ಮೆ ಮನೋವೈದ್ಯರೊಬ್ಬರು ಬಂದು ಮೆದುಳಿನ ಮಾತನ್ನು ಹೇಳಲಿ. ಪುಸ್ತಕ ಸಾಲದಿದ್ದರೆ ನಮ್ಮ ಟಿಪ್ಪಣಿಗಳೇ ಮುಂದಿನವರಿಗೆ ಪುಸ್ತಕವಾದಾವು.

ಚಿಗವ್ವ ಈಗ ಚೇತರಿಸಿಕೊಂಡಿದ್ದಾಳೆ. ಕೊನೆಗೆ ಧಾರವಾಡದ ವೈದ್ಯರ ಗುಳಿಗೆ ಕೆಲಸಮಾಡಿತು. ರಾತ್ರಿಯೆಲ್ಲ ಕೈಹಿಡಿದು ಕುಳಿತ ಆಯಿಯೂ ಕೆಲಸಮಾಡಿದಳು. ಗುಣವಾದದ್ದು ಮೆದುಳೋ, ಮನಸ್ಸೋ? ಅವೆರಡೂ ಒಂದೆಯೋ? ನನಗೆ ಇನ್ನೂ ಉತ್ತರ ದೊರೆತಿಲ್ಲ. ಆದರೆ ಪ್ರಶ್ನೆಯನ್ನು ಸರಿಯಾಗಿ ಕೇಳಲು ಬಂದಿದ್ದರೆ ಆ ಆರು ತಿಂಗಳಲ್ಲಿ ಕೆಲವನ್ನಾದರೂ ಉಳಿಸಬಹುದಾಗಿತ್ತು. ನಾನು ಈ ವರ್ಷ ಕಾಲೇಜು ಬಿಡುವವನು. ಗುರುಗಳೇ, ಈ ತಾಸನ್ನು ನನಗಾಗಿ ಅಲ್ಲ, ಮುಂದಿನ ವರ್ಷ ನನ್ನ ಬೆಂಚಿನಲ್ಲಿ ಕುಳಿತುಕೊಳ್ಳುವವರಿಗಾಗಿ ಬೇಡುತ್ತಿದ್ದೇನೆ.