ಓಟಿಲ್ಲದ ಅಡುಗೆಮನೆ



2025ರ ಫೆಬ್ರವರಿ 5ರಂದು ದೆಹಲಿ ವಿಧಾನಸಭೆಗೆ ಓಟು ನಡೆಯಿತು. ಅದಕ್ಕೆ ಮುಂಚಿನ ವಾರ ಮೂರು ಪಕ್ಷದವರೂ ನಮ್ಮ ಹೋಟೆಲಿಗೆ ಬಂದು ಗಲ್ಲೆಯ ಹತ್ತಿರ ಕೈ ಮುಗಿದರು, ಮಸಾಲೆದೋಸೆ ತಿಂದರು. ಅಡುಗೆಮನೆಯ ಕಡೆ ಒಬ್ಬರೂ ತಲೆ ಹಾಕಲಿಲ್ಲ. ಹಾಕಿದ್ದರೂ ಪ್ರಯೋಜನವಿರಲಿಲ್ಲ. ಒಳಗಿದ್ದ ಹನ್ನೊಂದು ಗಂಡಾಳುಗಳಲ್ಲಿ ದೆಹಲಿಯ ಓಟಿದ್ದದ್ದು ಒಬ್ಬನಿಗೆ.

ಹೆಂಗಸರಿಗೆ ತಿಂಗಳಿಗೆ 2100 ರೂಪಾಯಿ ಎಂದು ಒಂದು ಪಕ್ಷ ಹೇಳಿತು, 2500 ಎಂದು ಇನ್ನೊಂದು. ಕೊಡಲಿ, ನಮ್ಮ ಆಕ್ಷೇಪವಿಲ್ಲ. ಆದರೆ ಸಂಸಾರವನ್ನು ಊರಲ್ಲಿ ಬಿಟ್ಟು ಬಂದು, ಬೆಳಗಿನ ನಾಲ್ಕಕ್ಕೆ ಎದ್ದು ಇಡ್ಲಿ ಇಡುವ ಗಂಡಸಿಗೆ ಇವರು ಏನು ಹೇಳಿದರು? ಓಟಿಲ್ಲದವನಿಗೆ ಯಾರು ಏನು ಹೇಳುತ್ತಾರೆ!

ಊರಲ್ಲಿ ಓಟಿದೆಯಲ್ಲ ಎನ್ನಬಹುದು. 2024ರ ಏಪ್ರಿಲ್ 26ಕ್ಕೆ ಉಡುಪಿ–ಚಿಕ್ಕಮಗಳೂರು ಕ್ಷೇತ್ರದ ಮತದಾನವಿತ್ತು. ಕುಂದಾಪುರದ ಕಡೆಯ ನಮ್ಮ ದೋಸೆ ಭಟ್ಟರು ರಜೆ ಕೇಳಿದರು. ರೈಲಿನಲ್ಲಿ ಹೋಗಿಬರುವುದಕ್ಕೇ ಮೂರು ದಿನ. "ಮದುವೆ ಆರ್ಡರ್ ಉಂಟು ಭಟ್ರೇ, ಒಂದು ಓಟಿನಿಂದ ಏನಾಗ್ತದೆ" ಎಂದು ನಾವೇ ತಡೆದೆವು. ಅವರು ಮರುಮಾತಾಡದೆ ಕಾವಲಿಗೆ ನೀರು ಚಿಮುಕಿಸಿದರು. (ಮೇ 25ಕ್ಕೆ ದೆಹಲಿಯ ಓಟು ಬಂದಾಗ ಬೆರಳಿನ ಶಾಯಿಯನ್ನು ಅವರಿಗೇ ತೋರಿಸಿದವರೂ ನಾವೇ!) ಮತದಾನದ ದಿನ ಸಂಬಳ ಹಿಡಿಯದೆ ರಜೆ ಕೊಡಬೇಕೆಂದು ಜನಪ್ರತಿನಿಧಿ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ನಮಗದು ಆಮೇಲೆ ತಿಳಿಯಿತು.

ಇದ್ದ ಊರಿನಿಂದಲೇ ಓಟು ಹಾಕುವ ಯಂತ್ರವನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು. ವಿರೋಧ ಬಂತು, 2024ರ ಚುನಾವಣೆಗೆ ಯಂತ್ರ ಬರಲಿಲ್ಲ. 2025ರಲ್ಲಿ ಬಿಹಾರದ ಮತದಾರರ ಪಟ್ಟಿ ಪರಿಷ್ಕರಿಸಿದಾಗ ಕರಡಿನಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದವು. ತೀರಿಹೋದವರ ಜೊತೆ ಊರು ಬಿಟ್ಟವರದ್ದೂ ಅದರಲ್ಲಿತ್ತು. ನಮ್ಮ ಪಾತ್ರೆ ತೊಳೆಯುವವನು ದರ್ಭಂಗದವನು. ಆಗ ರಾತ್ರಿಯೆಲ್ಲ ಮೊಬೈಲಿನಲ್ಲಿ ತನ್ನ ಹೆಸರು ಹುಡುಕುತ್ತಿದ್ದ.

ಓಟನ್ನು ದೆಹಲಿಗೆ ವರ್ಗಾಯಿಸಲು ನಮೂನೆ 8 ಇದೆ. ವಿಳಾಸದ ಪುರಾವೆ ಬೇಕು. ಹೋಟೆಲಿನ ಮೇಲಿನ ಕೋಣೆಯಲ್ಲಿ ಮಲಗುವವನಿಗೆ ಎಲ್ಲಿಯ ಕರೆಂಟ್ ಬಿಲ್ಲು? ಇವನು ನಮ್ಮಲ್ಲೇ ಇದ್ದಾನೆಂದು ನಾವು ಒಂದು ಕಾಗದ ಬರೆದುಕೊಡಬಹುದು. ಕೊಡುವುದಿಲ್ಲ. ಪಿಎಫ್‌ನವರು ಕೇಳಿಯಾರು, ಕಟ್ಟಡದ ಮಾಲೀಕ ತಕರಾರು ತೆಗೆದಾನು ಎಂಬ ಭಯ. ನೋಯ್ಡಾ, ಗುರುಗ್ರಾಮದ ನಮ್ಮವರನ್ನು ಕೇಳಿದರೂ ಇದೇ ಉತ್ತರ. ಊರಿನ ಪಟ್ಟಿಯಿಂದ ಹೆಸರು ತೆಗೆಸುವುದು ಬೇಡ ಎನ್ನುವ ಕೆಲಸಗಾರರೂ ಇದ್ದಾರೆ, ಅದು ಅವರ ಇಷ್ಟ. ಬೇಕೆಂದವರಿಗೆ ಅಡ್ಡ ನಿಂತವರು ನಾವು.

ಕಳೆದ ತಿಂಗಳು ನಾಲ್ಕು ಜನರಿಗೆ ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಹಾಕಿದೆವು. ಇಬ್ಬರ ಅರ್ಜಿ ತಿರಸ್ಕೃತವಾಯಿತು. ಮತಗಟ್ಟೆ ಅಧಿಕಾರಿ ನೋಡಲು ಬಂದಾಗ ಅವರು ತರಕಾರಿಗೆ ಮಂಡಿಗೆ ಹೋಗಿದ್ದರು, ಕಳಿಸಿದವರು ನಾವೇ. ಮತ್ತೆ ಹಾಕಿಸಿದ್ದೇವೆ.